ಅತ್ತೆಯ ಕಿವಿ ಇಳಿಯದ ಜಾಗ

ಹಳವದ್ ದಾರಿಯಲ್ಲಿ ಬಸ್ಸು ಇಳಿಸಿ ಹೋದ ಕಡೆ
ಜೀರಿಗೆ ಹೊಲ, ಒಂದು ಪಂಕ್ಚರ್ ಅಂಗಡಿ, ಬಿಸಿಲು.
ಬಾವಿ ಎಲ್ಲಿ ಎಂದರೆ ಅಂಗಡಿಯವ
ಗಾಳಿ ಹೊಡೆಯುವ ಪೈಪಿನಲ್ಲೇ ತೋರಿಸಿದ: ವಾವ್.
ನಾನು ಮೊದಲು ಉದ್ಗಾರವೆಂದುಕೊಂಡೆ.

ಮೇಲಿನಿಂದ ಏನೂ ಇಲ್ಲ.
ಮೊಣಕಾಲೆತ್ತರದ ಕಟ್ಟೆ, ಆಡಿನ ಹಿಕ್ಕೆ,
ಬದನೆಕಾಯಿ ಸೀಳಿದ ಹಾಗೆ
ನೆಲದಲ್ಲಿ ಉದ್ದಕ್ಕೊಂದು ಕತ್ತಲೆ.

ಮೊದಲ ಅಂಕಣದಲ್ಲಿ ವಜೀಬೆನ್ ಗುಡಿಸುತ್ತಿದ್ದಳು.
ಕರಿ ಉಣ್ಣೆಯ ಹೊದಿಕೆ, ಕುತ್ತಿಗೆಯ ಮೇಲೆ ಹಚ್ಚೆ:
ಚುಕ್ಕಿ, ಚೇಳು, ಮತ್ತೆ ಚುಕ್ಕಿ.
ಪಂಚಾಯತಿ ಸಂಬಳ ಕೊಡುತ್ತದೆಯೇ? ಎಂದೆ. ನಕ್ಕಳು.
ಅವಳ ಹಿಂದಿ ಕುಂಟುತ್ತಿತ್ತು, ನನ್ನದು ತೆವಳುತ್ತಿತ್ತು,
ಎರಡೂ ಕೈ ಹಿಡಿದು ಮೆಟ್ಟಿಲಿಳಿದವು.

ಮನೆಗೆ ನಲ್ಲಿ ಬಂದು ಹದಿನಾರು ವರ್ಷ, ಎಂದಳು.
ಕಾಲುವೆ ನೀರು. ಸಿಹಿ. ಒಳ್ಳೆಯದೇ.
ಆದರೆ ನಲ್ಲಿ ಇರುವುದು ಅಡುಗೆಮನೆಯಲ್ಲಿ,
ಅಡುಗೆಮನೆಯ ಬಾಗಿಲಲ್ಲಿ ಅತ್ತೆಯ ಮಂಚ.

ಮುಂಚೆ ಹೀಗಿತ್ತಂತೆ:
ಮೇಲಿನ ಮೆಟ್ಟಿಲಲ್ಲಿ ಎಮ್ಮೆ, ಜೀರಿಗೆಯ ದರ, ಯಾರ ಮಗುವಿಗೆ ಜ್ವರ.
ಎರಡನೆಯ ಅಂಕಣಕ್ಕೆ ಬಂದರೆ ಗಂಡಂದಿರು.
ಇಲ್ಲಿ ಬಹಳ ಹೊತ್ತು ಕೂರುತ್ತಿದ್ದೆವು, ನೋಡು,
ಕಲ್ಲು ಸವೆದಿದೆ.
ಅದರ ಕೆಳಗೆ ತವರಿನ ಮಾತು.
ನೀರಿನ ಹತ್ತಿರ ಇಬ್ಬರು ಒಟ್ಟಿಗೆ ಹೋಗುತ್ತಿರಲಿಲ್ಲ.
ಒಬ್ಬೊಬ್ಬಳೇ. ಕೊಡ ಮುಳುಗುವಷ್ಟು ಹೊತ್ತು.
ಮೇಲಿದ್ದವರು ಆಗ ಜೋರಾಗಿ ಬಳೆ ಸದ್ದು ಮಾಡುತ್ತಿದ್ದರು,
ಕೇಳಿಸಿತೆಂದು ಆಮೇಲೆ ಯಾರೂ ಹೇಳಬಾರದಲ್ಲ.

ಅತ್ತೆಯ ಕಿವಿ ಇಷ್ಟು ಕೆಳಗೆ ಇಳಿಯುತ್ತಿರಲಿಲ್ಲ, ಎಂದಳು.
ಸ್ವಲ್ಪ ಗುಡಿಸಿ, ನಿಂತು:
ಅವಳೂ ಸೊಸೆಯಾಗಿ ಬಂದು ಇಲ್ಲೇ ಕೊಡ ಮುಳುಗಿಸಿದವಳು.
ಏನು ಹೇಳಿದಳೋ, ನಾನೂ ಕೇಳಲಿಲ್ಲ.

ನಾನು ಇಳಿದೆ. ಮಂಡಿ ಆಪರೇಷನ್ ಆದವಳು ಇಳಿಯುವ ಹಾಗೆ,
ಅಡ್ಡಡ್ಡ, ಗೋಡೆ ಹಿಡಿದು.
ಗೋಡೆಯಲ್ಲಿ ಕಲ್ಲುಕುಟಿಗರ ಗುರುತು: ಬಾಣದ ಮೂತಿ,
ಮತ್ತೊಂದು ಕಲ್ಲಲ್ಲಿ ಮೀನು, ಮತ್ತೆ ಬಾಣ, ಬಾಣ.
ಎಷ್ಟು ಕಲ್ಲಿಗೆ ಎಷ್ಟು ಕೂಲಿ ಎಂಬ ಲೆಕ್ಕ ಇರಬೇಕು.
ಕೆಳಗಿನ ಕಲ್ಲುಗಳಲ್ಲಿ ಮೀನು ಸಿಗಲೇ ಇಲ್ಲ;
ಬುಡ ಕಟ್ಟುವಾಗ ಅವನಿನ್ನೂ ಕೆಲಸಕ್ಕೆ ಸೇರಿರಲಿಲ್ಲವೇನೋ,
ಅಥವಾ ಹುಟ್ಟಿಯೇ ಇರಲಿಲ್ಲವೇನೋ.

ಪಾರಿವಾಳದ ವಾಸನೆ ಮುಗಿದು ಬಾವಲಿಯದು ಶುರು.
ಬೆನ್ನಿನ ಬೆವರು ತಣ್ಣಗಾಯಿತು.
ಹಗ್ಗ ಕೊರೆದ ತೋಡಿನಲ್ಲಿ ಬೆರಳಿಟ್ಟೆ,
ಬೆರಳು ಪೂರ್ತಿ ಕಾಣೆ.
ತಲೆಯೆತ್ತಿದರೆ ಆಕಾಶ ಸೀರೆಯ ಅಂಚಿನಷ್ಟು.

ಕೊನೆಯ ಮೆಟ್ಟಿಲು ನೀರಿನ ಒಳಗಿತ್ತು, ಹಾಗಾಗಿ ಕಾಲೂ.
ಹಸಿರು ನೀರು, ತೇಲುವ ಚಿಪ್ಸ್ ಪ್ಯಾಕೆಟ್ಟು,
ಯಾರೋ ಹರಕೆಗೆ ಬಿಟ್ಟ ಕೆಂಪು ಚುನರಿ.
ಮೇಲಿನಿಂದ ವಜೀಬೆನ್: ಹೇಳು, ನನಗೆ ನಿನ್ನ ಭಾಷೆ ಬರದು.
ಬಳೆ ಸದ್ದು ಶುರುವಾಯಿತು.

ಬಾವಿಗೂ ಬಾಯಿಗೂ ನಮ್ಮಲ್ಲಿ ಒಂದೇ ಅಕ್ಷರದ ಅಂತರ.
ಐವತ್ತೆಂಟು ವರ್ಷ ದಾಟಲಾಗದ ಅಂತರ.
ಮೊದಲು ಬಾಯಿಗೆ ಬಂದದ್ದು:
ಗ್ಯಾಸ್ ಆಫ್ ಮಾಡಿದ್ದೆನೋ ಇಲ್ಲವೋ.
ನೀರು ಅದನ್ನೂ ಕೇಳಿಸಿಕೊಂಡಿತು.

ಆಮೇಲೆ ತಮ್ಮನ ಹೆಸರು.
ಆಮೇಲೆ ಆ ಆಸ್ಪತ್ರೆಯ ರಾತ್ರಿ, ನಾನು ಕೂತ ಸ್ಟೂಲು.
ಎಲ್ಲರಿಗೂ ಹೇಳಿದ್ದೆ ಔಷಧಿ ತರಲು ಕೆಳಗೆ ಹೋಗಿದ್ದೆ ಎಂದು.
ನಿದ್ದೆ ಬಂದಿತ್ತು ಕಣೋ.
ನಿನ್ನ ಕೈ ನನ್ನ ಕೈಯಲ್ಲೇ ಇತ್ತು, ಬರೀ ನಿದ್ದೆ ಬಂದಿತ್ತು.

ಇತ್ತು, ಎಂದು ಗೋಡೆ ಒಪ್ಪಿತು. ಅಷ್ಟೇ.

ಹತ್ತಿ ಬಂದಾಗ ವಜೀಬೆನ್ ಏನೂ ಕೇಳಲಿಲ್ಲ.
ಪೊರಕೆಯನ್ನು ಕಂಕುಳಲ್ಲಿಟ್ಟು
ಮುಂದಿನ ಬಸ್ಸು ಎಷ್ಟಕ್ಕೆಂದು ಹೇಳಿದಳು. ಹೇಳಿದ ಹೊತ್ತು ತಪ್ಪಿತ್ತು.

ಧ್ರಾಂಗಧ್ರಾ ಬರುವಷ್ಟರಲ್ಲಿ ಸಲ್ವಾರಿನ ಅಂಚು ಒಣಗಿತ್ತು.
ಆ ಕಡೆಯ ಅಂತರ್ಜಲದಲ್ಲಿ ಉಪ್ಪು.
ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲೆ
ಬಿಳಿಯ ಗೆರೆಯೊಂದು ಉಳಿದಿತ್ತು,
ಎಲ್ಲಿಯವರೆಗೆ ಇಳಿದಿದ್ದೆ ಎಂದು.